ಖಾಲಾ ಒಳಗೆ ಮಲಗಿ ಬೇಡಿಕೊಂಡದ್ದು

ನವೆಂಬರ್ 11, ಮಂಗಳವಾರ. ಸೊಹಾಗ್ ಪಟ್ಟಣ.

ಆ ಕೆಂಪು ವೃತ್ತ ಇನ್ನೂ ಕಣ್ಣಿಂದ ಹೋಗುತ್ತಿಲ್ಲ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳ ಅಕ್ಕ, ಖಾಲಾ ಬಹಿಯಾ. ತಿಂಗಳಿಂದ ಅವಳಿಗೆ ತಲೆನೋವು. ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ಗಡ್ಡೆ ಹುಡುಕಲೆಂದು ನಾನೇ ಬರೆದ ಪ್ರೋಗ್ರಾಮು ಅವಳ ಚಿತ್ರದಲ್ಲಿ ಬಲಗಿವಿಯ ಪಕ್ಕ ವೃತ್ತ ಎಳೆಯಿತು.

ಡಾಕ್ಟರ್ ಶುಕ್ರಿ ಕನ್ನಡಕ ಏರಿಸಿ ನೋಡಿದರು. "ಚಿತ್ರವೇ ಕಲಸಿ ಹೋಗಿದೆಯಲ್ಲೋ ಸಫ್ವತ್! ಏನ್ ಖಾಲಾ, ಸ್ಕ್ಯಾನರ್ ಒಳಗೆ ಮಲಗಿ ಯಾರ ಜೊತೆ ಹರಟೆ?"

"ಹರಟೆ ಅಲ್ಲಪ್ಪಾ, ಪ್ರಾರ್ಥನೆ. ಡಾಕ್ಟರ ಮುಂದೆ ನಮ್ಮ ಸಫ್ವತ್‌ನ ಮಾನ ಉಳೀಲಿ, ಅವನ ಯಂತ್ರ ತಪ್ಪದೇ ಇರ್ಲಿ ಅಂತ ನೂರು ಸಲ ಬೇಡ್ಕೊಂಡೆ."

"ತುಟಿ ಆಡಿಸ್ಕೊಂಡಾ?"

"ಮತ್ತೆ? ಬಾಯಿ ಮುಚ್ಕೊಂಡು ಬೇಡೋದಕ್ಕೆ ನಾನೇನು ಮೂಗಿಯಾ?"

"ಈ ಸಲ ಮನಸ್ಸಲ್ಲೇ ಬೇಡ್ಕೊಳ್ಳಿ ತಾಯೀ, ತಲೆ ಅಲುಗಿದ್ರೆ ಚಿತ್ರ ಕಲಸುತ್ತೆ" ಎಂದು ಅವರು ಮತ್ತೆ ಮಲಗಿಸಿದರು. ನಾನು ಅವಳ ಪಾದ ಹಿಡಿದು ಕೂತೆ. ಚಿತ್ರ ತಿಳಿಯಾಗಿ ಬಂತು. ವೃತ್ತವಿರಲಿಲ್ಲ. ಶುಕ್ರಿ ಒಂದೊಂದೇ ಚಿತ್ರ ನೋಡಿ, "ಗಡ್ಡೆ ಇಲ್ಲ. ಹೋಗಿ ಕಣ್ಣು ತೋರಿಸಿ" ಎಂದರು.

"ಸುಮ್ಸುಮ್ನೆ ಹೆದರಿಸ್ತಲ್ಲೋ ನಿನ್ನ ಪೆಟ್ಟಿಗೆ!" ಎಂದು ಖಾಲಾ ನನ್ನ ತಲೆಗೆ ಮೊಟಕಿದಳು.

ತಪ್ಪಾದ ಚಿತ್ರವನ್ನು ಪ್ರೋಗ್ರಾಮಿಗೆ ಪಾಠವಾಗಿ ಕೊಡಬೇಕು. 'ಗಡ್ಡೆಯಲ್ಲ' ಎಂದು ಗುರುತು ಹಾಕಿ ಕಾರಣವನ್ನೂ ಬರೆಯಬೇಕು. 'ಅಲುಗಾಟ' ಎಂದರೆ ಸಾಕು. ಬರೆದೆ, ಅಳಿಸಿದೆ. ನೂರು ಸಲ ನನ್ನ ಹೆಸರು ಹೇಳಿದ ಬಾಯಿ ಅದು. ಅದನ್ನು ಬರೀ ಅಲುಗಾಟ ಎಂದು ಹೇಗೆ ಬರೆಯಲಿ?