ಪಿಟೀಲು ನಿಲ್ಲಿಸಮ್ಮಾ

ಜನವರಿ 9, ಮಂಗಳವಾರ

ಹಿಟ್ಟು ನಾದಿದ್ದು, ಬ್ರೆಡ್ ಸುಟ್ಟಿದ್ದು, ಮಧ್ಯಾಹ್ನ ಒಂದು ನಿದ್ದೆ, ಸಂಜೆ ಚರ್ಚಿನ ಹಾಲ್‌ನಲ್ಲಿ ಅಭ್ಯಾಸ. ಎಂದಿನಂತೆ. ಹೀಟರ್ ಕೆಟ್ಟಿತ್ತು — ಅದೂ ಎಂದಿನಂತೆ. ಬೆರಳು ಮರಗಟ್ಟಿ ನನ್ನ ಕನ್ಸರ್ಟಿನಾದ, ಆ ಪುಟ್ಟ ತಿದಿವಾದ್ಯದ, ಗುಂಡಿಗಳೇ ಸಿಗಲಿಲ್ಲ. ರೂಫಸ್ ಕೈಗವಸು ಹಾಕಿಕೊಂಡೇ ಪಿಯಾನೊ ನುಡಿಸಿದ. ರಿಟೈರ್ ಆಗುವವರೆಗೂ ಬಸ್ ಓಡಿಸಿದವನು; ಪಿಯಾನೊವನ್ನೂ ಹಾಗೇ ಓಡಿಸುತ್ತಾನೆ. ತಿರುವಿನಲ್ಲಿ ನಿಧಾನ, ನೇರ ರಸ್ತೆ ಸಿಕ್ಕರೆ ಯಾರ ಮಾತೂ ಕೇಳುವುದಿಲ್ಲ.

ವಸಂತದ ಕುಣಿತದ ಕೂಟ ಮಾರ್ಚ್‌ನಲ್ಲಿ. ಈ ವರ್ಷ ಹೊಸ ಪಿಟೀಲು ಬಂದಿದೆ. ಟಾಮ್ಸಿನ್. ಕಾರ್ನ್‌ವಾಲ್ ಕಡೆಯವಳು, ನಮ್ಮೂರಿಗೆ ಅಂಚೆ ಹಂಚಲು ಬಂದವಳು. ಕೈಕುಲುಕಿ ನನ್ನ ಹೆಸರು ಕೇಳಿದಳು. ಲೋಕದಲ್ಲಿ ನನಗೆ ಅತಿ ಕಷ್ಟದ ಪದ ಅದೇ.

"ಹ್... ಹ್..."

ಪಿಯಾನೊ ಹಿಂದಿನಿಂದ ರೂಫಸ್: "ಹ್ಯೂ ಅಂತ ಕಣಮ್ಮ. ಬ್ರೆಡ್ ಬೇಗ ಮಾಡ್ತಾನೆ, ಮಾತು ಸ್ವಲ್ಪ ತಡ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ನನ್ನ ಮಾತು ಮುಗಿಸಿಕೊಡುತ್ತಾರೆ.

ಜನವರಿ 23, ಮಂಗಳವಾರ

ಮಿಸ್ ಬರುವುದು ತಡವಾಯಿತು. ಸೊಂಟದ ನೋವು. ನಮ್ಮೂರಲ್ಲಿ ಕುಣಿತಕ್ಕೆ ಕೂಗು ಹಾಕುವುದು, ಅಂದರೆ ಕುಣಿಯುವವರಿಗೆ ಮುಂದಿನ ಹೆಜ್ಜೆ ಕೂಗಿ ಹೇಳುವುದು, ಅವರೊಬ್ಬರೇ — ವಿನಿಫ್ರೆಡ್ ಟ್ರಾಂಟರ್. ಶಾಲೆಯಲ್ಲಿ ನಮಗೆಲ್ಲ ಪಾಠ ಹೇಳಿದವರು. ನನಗೆ ಇವತ್ತಿಗೂ ಮಿಸ್ಸೇ.

ಅವರು ಬರುವತನಕ ಸುಮ್ಮನೆ ನುಡಿಸೋಣ ಅಂತ ಶುರು ಮಾಡಿದೆವು. ಎರಡನೇ ಸುತ್ತಿನಲ್ಲಿ ಟಾಮ್ಸಿನ್ ಕಮಾನು ಎತ್ತಿಬಿಟ್ಟಳು.

"ಯಾರೋ ಕೂಗು ಹಾಕ್ತಿದ್ರು."

"ದೆವ್ವ ಇರ್ಬೇಕು," ಅಂದ ರೂಫಸ್.

"ಅಲ್ಲ, ಇವನು! ಮೊದಲ ಜೋಡಿ ನಡುವೆ ಇಳೀರಿ, ಬಲಗೈ ಕೊಟ್ಟು ತಿರುಗಿ, ಮರಳಿ ಜಾಗಕ್ಕೆ ಅಂತ. ಸರಾಗವಾಗಿ. ಒಂದು ಕಡೆಯೂ ತಡೀಲಿಲ್ಲ."

ಕಿವಿ ಬಿಸಿಯಾಯಿತು. ನುಡಿಸುವಾಗ ಬಾಯಲ್ಲಿ ಗೊಣಗುವುದು ನನ್ನ ಹಳೆಯ ಚಾಳಿ. ತಾಳದ ಮೇಲೆ ಕೂತರೆ ಮಾತು ಜಾರಿಕೊಂಡು ಹೋಗುತ್ತದೆ. ತಾಳ ನಿಂತರೆ ನಾನೂ ನಿಂತೆ. ಅದನ್ನು ಯಾರೂ ಕೇಳಿಸಿಕೊಂಡಿಲ್ಲ ಅಂದುಕೊಂಡಿದ್ದೆ.

ಪೆಟ್ಟಿಗೆ ಮುಚ್ಚಿ ಮನೆಗೆ ಬಂದೆ. ಹೇಳದೆ.

ಫೆಬ್ರವರಿ 13, ಮಂಗಳವಾರ

ಎರಡು ವಾರ ಅಭ್ಯಾಸಕ್ಕೆ ಹೋಗಲಿಲ್ಲ. ಒಲೆ ರಿಪೇರಿ ಅಂತ ಚೀಟಿ ಕಳಿಸಿದ್ದೆ.

ಇವತ್ತು ಪ್ಯಾನ್‌ಕೇಕಿನ ಮಂಗಳವಾರ, ಈಸ್ಟರ್ ಉಪವಾಸ ಶುರುವಾಗುವ ಮುಂಚೆ ಊರೆಲ್ಲ ಪ್ಯಾನ್‌ಕೇಕು ತಿನ್ನುವ ದಿನ. ಮೊಟ್ಟೆ ಒಡೆದೂ ಒಡೆದೂ ಕೈ ಅಂಟು. ಬೇಕರಿಯ ಹಿಂಬಾಗಿಲು ಬಡಿದ ಸದ್ದು. ಮಿಸ್. ಊರುಗೋಲು ಹಿಡಿದು, ಆ ಇಳಿಜಾರು ಹತ್ತಿ ಬಂದಿದ್ದಾರೆ!

"ಒಲೆ ಚೆನ್ನಾಗೇ ಉರೀತಿದೆಯಲ್ಲ," ಅಂದರು. ಹಿಟ್ಟಿನ ಚೀಲದ ಮೇಲೆ ಕೂತು ಒಂದು ಪ್ಯಾನ್‌ಕೇಕು ಪೂರ್ತಿ ತಿಂದು, ನಿಂಬೆರಸ ಬೆರಳಿನಿಂದ ಒರೆಸಿಕೊಂಡು ವಿಷಯಕ್ಕೆ ಬಂದರು. ಆಸ್ಪತ್ರೆಯಿಂದ ಕರೆ ಬಂದಿದೆಯಂತೆ. ಸೊಂಟದ ಆಪರೇಷನ್. ಕೂಟದ ಹಿಂದಿನ ದಿನವೇ. ಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೋ ದೇವರಿಗೇ ಗೊತ್ತು.

"ಕೂಗು ನೀನು ಹಾಕ್ತೀಯ."

"ಇ... ಇಲ್ಲ ಮಿಸ್."

"ನನ್ನ ಬೆನ್ನ ಹಿಂದೆ ಕೂತು ಅದೆಷ್ಟು ವರ್ಷದಿಂದ ಹಾಕ್ತಿದ್ದೀಯಪ್ಪಾ. ಕೇಳಿಸಲ್ಲ ಅಂದ್ಕೊಂಡ್ಯಾ? ಎಷ್ಟೋ ಸಲ ಮುಂದಿನ ಹೆಜ್ಜೆ ಮರೆತು ನಿನ್ನ ಗೊಣಗಾಟಕ್ಕೇ ಕಿವಿ ಕೊಟ್ಟಿದ್ದೀನಿ."

ಇನ್ನೊಂದು ಮೊಟ್ಟೆ ಒಡೆದೆ, ಬಟ್ಟಲಿನ ಹೊರಗೆ.

"ಬೇ... ಬೇರೆ ಊರಿಂದ ಯಾರನ್ನಾದ್ರೂ..."

"ಕೇಳಿದೆ. ಯಾರೂ ಖಾಲಿ ಇಲ್ಲ. ನೀನು ಒಪ್ಪದಿದ್ರೆ ಈ ವರ್ಷ ಕೂಟ ಇಲ್ಲ ಅಂತ ಬೋರ್ಡ್ ಹಾಕಿಸ್ತೀನಿ. ಒತ್ತಾಯ ಇಲ್ಲ." ಬಾಗಿಲ ಬಳಿ ನಿಂತು, "ಇನ್ನೊಂದು ಪ್ಯಾನ್‌ಕೇಕು ಕಟ್ಟಿಕೊಡು."

ಒತ್ತಾಯ ಇಲ್ಲವಂತೆ.

ಫೆಬ್ರವರಿ 20, ಮಂಗಳವಾರ

ಹೋದೆ. ಸಂಗೀತದ ಜೊತೆ ಕೂಗುವುದು ಪರವಾಗಿಲ್ಲ. ಗಂಟಲು ನನ್ನದೇ ಅನ್ನಿಸಲಿಲ್ಲ, ಅಷ್ಟು ಸಲೀಸು. ಆದರೆ ಪ್ರತಿ ಕುಣಿತಕ್ಕೂ ಮೊದಲು ಸಂಗೀತವಿಲ್ಲದೆ ಒಮ್ಮೆ ನಡೆಸಿ ತೋರಿಸಬೇಕಲ್ಲ — ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು. ಅಲ್ಲಿ ಸಿಕ್ಕಿಬಿದ್ದೆ. "ಎ... ಎ... ಎ..." ಎಡಗೈ ಅನ್ನುವಷ್ಟರಲ್ಲಿ ಕುಣಿಯುವವರು ತಾವೇ ಊಹಿಸಿ ಹೊರಟುಬಿಟ್ಟರು.

ಬಿಟ್ಟುಬಿಡೋಣ ಅಂದೆ. ಟಾಮ್ಸಿನ್ ಪಿಟೀಲು ಎತ್ತಿ ಮೆತ್ತಗೆ, ತೊಟ್ಟಿಲು ತೂಗುವ ಹಾಗೆ ನುಡಿಸತೊಡಗಿದಳು. ಕಣ್ಣಲ್ಲೇ — ಹೂಂ, ಈಗ ಹೇಳು.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ!

"ಇಷ್ಟೇನಾ!" ಅಂದ ರೂಫಸ್. "ಹಾಗಾದ್ರೆ ನಿನ್ನ ಅಂಗಡಿ ಕೌಂಟರಲ್ಲೂ ಒಂದು ಪಿಟೀಲು ಇಟ್ಕೋ."

ಮಾರ್ಚ್ 5, ಮಂಗಳವಾರ

ನಡೆಯುತ್ತಿದೆ. ಬೆಳಿಗ್ಗೆ ಬ್ರೆಡ್ಡಿಗೂ ಕೂಗು ಹಾಕಿದೆ. ಬನ್ನುಗಳು ಸಾಲಾಗಿ ಚೆನ್ನಾಗಿ ನಿಂತವು.

ಟಾಮ್ಸಿನ್ ಅಂಚೆ ಕೊಡಲು ಬಂದರೆ ಈಗ ಹಿಂಬಾಗಿಲಿಗೇ ಬರುತ್ತಾಳೆ. ಬಿಸಿ ಬನ್ನು ತಿನ್ನುತ್ತಾಳೆ. ನನ್ನ ಮಾತು ಮುಗಿಯುವವರೆಗೆ ಕಾಯುತ್ತಾಳೆ, ಅಗಿಯುತ್ತಾ.

ಮಾರ್ಚ್ 23, ಶನಿವಾರ, ಮಧ್ಯಾಹ್ನ

ಮಿಸ್ಸಿನ ಆಪರೇಷನ್ ನಿನ್ನೆ ಆಯಿತು. ಕ್ಷೇಮ. ಅರಿವಳಿಕೆ ಇಳಿದ ಕೂಡಲೇ ನರ್ಸಿನ ಹತ್ತಿರ ಕೇಳಿದರಂತೆ — ಹಾಲ್‌ನ ಹೀಟರ್ ಸರಿಯಾಯಿತಾ ಅಂತ. ಆಗಿಲ್ಲ. ಬೆರಿಲ್ ಮತ್ತು ಅಡುಗೆ ತಂಡದವರು ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಾರೆ. ಕಿಟಕಿಗಳಿಗೆಲ್ಲ ಹಳದಿ ಡ್ಯಾಫೊಡಿಲ್ ಹೂ. ಶರ್ಟಿಗೆ ಇಸ್ತ್ರಿ ಹಾಕಿ, ಮತ್ತೆ ಹಾಕಿದೆ. ಹೋಗುತ್ತೇನೆ.

ಮಾರ್ಚ್ 24, ಭಾನುವಾರ

ನಿನ್ನೆಯ ಕೂಟ. ಕ್ರಮವಾಗಿ ಬರೆಯಬೇಕು.

ಹಾಲ್ ತುಂಬ ಜನ. ಪಕ್ಕದ ಊರುಗಳಿಂದಲೂ. ಮೊದಲರ್ಧ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಯಿತು. ಟಾಮ್ಸಿನ್ ಮೆತ್ತಗೆ ನುಡಿಸುವಳು, ನಾನು ನಡೆಸಿ ತೋರಿಸುವೆ. ಆಮೇಲೆ ರೂಫಸ್ ಪಿಯಾನೊದ ಗೇರು ಹಾಕುವನು, ಎಲ್ಲರೂ ಹಾರುವರು. ಹೊರಗಿನವರಿಗೆ ನಾನು ಉಗ್ಗುವವನು ಅಂತಲೇ ಗೊತ್ತಾಗಲಿಲ್ಲ.

ಚಹಾ ಆದ ಮೇಲೆ "ಬಿಷಪ್ಪರ ಬೂಟು". ಮೂರು ಮೂರು ಜೋಡಿಯ ಸಾಲು, ತುಸು ಗೋಜಲಿನ ಕುಣಿತ. ಹೇಳಿಕೊಡಲು ಶುರು ಮಾಡಿದ್ದೆ ಅಷ್ಟೇ, ಹಿಂದಿನ ಸಾಲಿನಿಂದ ಒಂದು ಗುಡುಗು. ಮುದುಕ ಗಿಟಿನ್ಸ್, ಕುರಿ ಸಾಕುವವರು, ಎರಡೂ ಕಿವಿಗೆ ಯಂತ್ರ.

"ಆ ಪಿಟೀಲು ಒಂದು ನಿಮಿಷ ನಿಲ್ಲಿಸಮ್ಮಾ! ಆ ಕುಯ್ಯೋ ಮರ್ರೋ ಸದ್ದಲ್ಲಿ ಹುಡುಗ ಏನು ಹೇಳ್ತಾನೋ ಒಂದಕ್ಷರ ಕೇಳಿಸ್ತಿಲ್ಲ!"

ಟಾಮ್ಸಿನ್ ನನ್ನ ಮುಖ ನೋಡಿದಳು. ಕಮಾನು ತಂತಿಯ ಮೇಲೇ ಇತ್ತು. ಮುಂದುವರಿಸು ಅಂತ ಸನ್ನೆ ಮಾಡಿದ್ದರೆ ನುಡಿಸುತ್ತಿದ್ದಳು. ಯಾರ ಹಂಗೂ ಇಲ್ಲ ಅವಳಿಗೆ.

ಆದರೆ ನನ್ನ ಮಾತು ಕೇಳಬೇಕು ಅಂತ ಯಾರಾದರೂ ಹೀಗೆ ಕಿರುಚಿದ್ದು ಇದೇ ಮೊದಲು. ನಿಲ್ಲಿಸು ಅಂತ ತಲೆ ಆಡಿಸಿದೆ.

ಅವಳು ಕಮಾನು ಇಳಿಸಿದಳು. ಕೈ ಕೈ ಹಿಡಿದು ನಿಂತ ಇಡೀ ಹಾಲ್ ನನ್ನ ಕಡೆ ನೋಡುತ್ತಿದೆ.

"ಮ... ಮ... ಮ..."

"ಮೊದಲ ಜೋಡಿ!" ಎಡದಿಂದ ಯಾರೋ. "ಮೂಲೆಯವರು ಕಣ್ರೀ!" ಬಲದಿಂದ. "ಮರಳಿ ಅಂತ ಇರ್ಬೇಕು," ಬೆರಿಲ್, ಅಡುಗೆಮನೆ ಬಾಗಿಲಿನಿಂದ. ಮೊದಲ ಜೋಡಿಗಳು ಇಳಿದವು, ಮೂಲೆಯವರು ತಿರುಗಿದರು, ಕೆಲವರು ಮರಳಿದರು. ವೈದ್ಯರ ಹೆಂಡತಿಯ ಕೈ ಅಪರಿಚಿತನೊಬ್ಬನ ತೋಳಲ್ಲಿ, ಗಿಟಿನ್ಸ್ ಮಾತ್ರ ಎಲ್ಲೂ ಹೋಗದೆ ಕಂಬದ ಹಾಗೆ ನಡುವೆ. ಹೆಣೆದ ಬ್ರೆಡ್ಡಿನ ಹಾಗಿತ್ತು ಆ ಸಾಲು.

ನಗು ಬಂದುಬಿಟ್ಟಿತು. ತಡೆಯಲಾಗದ ನಗು.

"ತ... ತಾಳ್ರಪ್ಪಾ! ನ... ನಂಗೇ ಗೊತ್ತಿಲ್ಲದ ಕುಣಿತ ಕುಣೀತಿದ್ದೀರಿ! ಮ... ಮೂರನೇ ಜೋಡಿ. ನ... ನಾನೇ ಹೇಳ್ತೀನಿ. ಕಾ... ಕಾಯ್ರಿ."

ಹಾಲ್‌ಗೆ ಹಾಲೇ ನಕ್ಕಿತು. ನನ್ನನ್ನು ನೋಡಿ ಅಲ್ಲ, ನನ್ನ ಜೊತೆ. ಅದರ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು.

"ಈಗ ಕೇಳಿಸ್ತು ನೋಡು! ಗಂಟೆ ಹೊಡೆದ ಹಾಗೆ!" ಅಂದರು ಗಿಟಿನ್ಸ್.

ಕಾದರು. ಎಲ್ಲರೂ. ಯಾರೂ ನನ್ನ ಮಾತು ಮುಗಿಸಲಿಲ್ಲ. ಉಗ್ಗುತ್ತಾ, ನಿಲ್ಲುತ್ತಾ, ಮೂರನೇ ಜೋಡಿಯಿಂದ ಕೊನೆಯ ತಿರುವಿನವರೆಗೆ ನಾನೇ ಹೇಳಿದೆ. ಎಷ್ಟು ಹೊತ್ತಾಯಿತೋ. ಆಮೇಲೆ ರೂಫಸ್ ನೇರ ರಸ್ತೆ ಹಿಡಿದ ನೋಡಿ... ನೆಲ ಅದುರಿತು. ಒಬ್ಬರೂ ತಪ್ಪಲಿಲ್ಲ. ಗಿಟಿನ್ಸ್ ಕೊನೆಯಲ್ಲಿ ಟೋಪಿ ಮೇಲೆಸೆದರು, ಅದು ಪಿಯಾನೊ ಮೇಲೆ ಬಿತ್ತು. ಟಾಮ್ಸಿನ್ ತಂತಿ ನೋಡದೆ ನನ್ನನ್ನೇ ನೋಡುತ್ತಾ ನುಡಿಸಿದಳು.

ಉಳಿದ ಕುಣಿತಗಳಿಗೆಲ್ಲ ಪಿಟೀಲಿಲ್ಲದೆಯೇ ಹೇಳಿಕೊಟ್ಟೆ. ಕುರ್ಚಿ ಜೋಡಿಸುವಾಗ ಅವಳ ಹತ್ತಿರ ಹೋದೆ. ಬಾಯಿ ತೆರೆಯುವಷ್ಟರಲ್ಲಿ ರೂಫಸ್ — "ಲೋ ಹ್ಯೂ, ಈ ಟೇಬಲ್ ಹಿಡಿಯೋ!"

ಮಾರ್ಚ್ 25, ಸೋಮವಾರ

ಆಸ್ಪತ್ರೆ. ಮಿಸ್ ದಿಂಬಿಗೆ ಒರಗಿ, "ಎಲ್ಲಿ ಎಡವಿದ್ರು? ಎಲ್ಲ ಹೇಳು," ಅಂದರು. ಹೇಳಿದೆ. ಗಿಟಿನ್ಸ್‌ರ ಹಾಗೆ ಕಿರುಚಿಯೂ ತೋರಿಸಿದೆ. ನಕ್ಕು ನಕ್ಕು ಅವರು ಸೊಂಟ ಹಿಡಿದುಕೊಂಡರು. ನರ್ಸ್ ಬಂದು, "ಸಾರ್, ನೀವು ಸ್ವಲ್ಪ ಮಾತು ಕಡಿಮೆ ಮಾಡಿ," ಅಂದಳು.

ನನಗೆ! ಮಾತು ಕಡಿಮೆ ಮಾಡಿ ಅಂತ!

"ನಾನು ಬಂದ ಮೇಲೂ ಅರ್ಧ ನೀನೇ ಹಾಕು," ಅಂದರು ಮಿಸ್. ಬೇಡ ಅನ್ನಲಿಲ್ಲ.

ಮಾರ್ಚ್ 26, ಮಂಗಳವಾರ

ಈಸ್ಟರ್ ವಾರ. ಬನ್ನುಗಳ ಮೇಲೆ ಶಿಲುಬೆ ಎಳೆದು ಎಳೆದು ಸಾಕಾಯಿತು. ಟಾಮ್ಸಿನ್ ಈಗ ತಾನೇ ಬಂದು ಹೋದಳು. ಕರೆಂಟ್ ಬಿಲ್ ಕೊಟ್ಟಳು.

"ಶನಿವಾರ ಏನೋ ಹೇಳೋಕೆ ಬಂದಿದ್ಯಲ್ಲ. ಏನದು?"

"ಆ... ಆಮೇಲೆ."

"ಸರಿ," ಅಂದಳು. ಬನ್ನು ತೆಗೆದುಕೊಂಡು ಹೊರಟಳು.

ಇಲ್ಲಿ ಬರೆದು ಅಭ್ಯಾಸ ಮಾಡಿಕೊಳ್ಳೋಣ ಅಂತ ಕೂತೆ. ಟಾಮ್ಸಿನ್, ನೀನು ಈ ಊರಿಗೆ ಬಂದಾಗಿನಿಂದ ನನಗೆ

ಬೇಡ. ಇಲ್ಲಿ ಬರೆದದ್ದು ಇಲ್ಲೇ ಉಳಿಯುತ್ತದೆ. ಕಿಟಕಿಯಲ್ಲಿ ಅವಳ ಕೆಂಪು ವ್ಯಾನ್ ಕಾಣುತ್ತಿದೆ, ಇನ್ನೂ ಎದುರು ಬೀದಿಯಲ್ಲೇ. ಬನ್ನು ಒಲೆಯಲ್ಲಿವೆ. ಕೆಂಪಾಗುವಷ್ಟರಲ್ಲಿ ಓಡಿಹೋಗಿ, ಉಗ್ಗಿದರೂ ಹೇಳಿ ಮುಗಿ —