ಎರಡು ಇನ್ಹೇಲರ್

ರೀ,

ಬಾಗಿಲು ಮುಚ್ಚಿದ ಕೋಣೆಯಲ್ಲಿ ನೀವು ಸಿಗರೇಟು ಸೇದುತ್ತಿದ್ದಿರಿ. ನಾನು ಕೆಮ್ಮಿದರೆ ನಾಟಕ ಎನ್ನುತ್ತಿದ್ದಿರಿ. ಈಗ ನನ್ನ ಶ್ವಾಸಕೋಶ ಅರ್ಧ ಹಾಳಾಗಿದೆ.

ಹಳೆಯ ಇನ್ಹೇಲರಿನ ಗುಣ ಮಧ್ಯಾಹ್ನಕ್ಕೇ ಇಳಿದುಹೋಗುತ್ತಿತ್ತು. ಹೋದ ತಿಂಗಳು ಕೊಟ್ಟ ಹೊಸದನ್ನು ಬೆಳಿಗ್ಗೆ ಒಮ್ಮೆ ಎಳೆದುಕೊಂಡರೆ ದಿನವಿಡೀ ಉಸಿರು ಸಲೀಸು. ಇವತ್ತು ಬಸವನಗುಡಿಯ ಡಾಕ್ಟರು ಉಸಿರು ಅಳೆಯುವ ಯಂತ್ರಕ್ಕೆ ಮತ್ತೆ ಊದಿಸಿ ನೋಡಿ, "ಇದನ್ನೇ ಮುಂದುವರಿಸಿ. ಹೊಗೆ ಮಾತ್ರ ಸೋಕಬಾರ್ದು, ಊದುಬತ್ತೀದೂ ಬೇಡ" ಎಂದರು.

ಸಂಜೆ ಮಗಳು ಅನ್ನಪೂರ್ಣ ನಿಮ್ಮ ಫೋಟೋದ ಮುಂದೆ ಊದುಬತ್ತಿ ಹಚ್ಚಲು ಹೋದಳು. ತಡೆದೆ.

"ಇವತ್ತು ಅಪ್ಪ ಹೋದ ದಿನ ಅಲ್ವೇನಮ್ಮಾ?"

"ಅವರಿದ್ದಾಗ್ಲೇ ಈ ಮನೇಲಿ ಬೇಕಾದಷ್ಟು ಹೊಗೆ ಆಗಿದೆ ಕಣೇ. ಇನ್ನು ಸಾಕು."

ಹಾರ ಮಾತ್ರ ಹಾಕಿದೆ. ವಾಸನೆಗೇ ತಲೆನೋವು ಬರುತ್ತದೆಂದು ನೀವು ರೇಗುತ್ತಿದ್ದ ಸುಗಂಧರಾಜದ್ದು.