ಮಾವನಿಗೆ ಆಟ ಗೊತ್ತಿರಲಿಲ್ಲ ಎಂದವನು

ಪ್ರೀತಿಯ ಮಾವ,

ನೀನು ಹೋಗಿ ಎರಡು ವರ್ಷವಾಯಿತು. ಅಳುತ್ತ ಬರೆಯುತ್ತಿದ್ದೇನೆ ಅಂದುಕೊಂಡರೆ ಬಿಡು. ಒಂದು ಜಗಳದ ವರದಿ ಒಪ್ಪಿಸಲು ಕೂತಿದ್ದೇನೆ.

ನೆನಪಿದೆಯಲ್ಲ, ಹುಣಸಗಿಯ ಹೊಲಕ್ಕೆ ಕಾಲುವೆ ನೀರಿನ ಪಾಳಿ ಬರುವವರೆಗೆ ದಂಡೆಯ ಮೇಲೆ ಗೋಣಿಚೀಲ ಹಾಸಿ, ಇದ್ದಿಲಿನಿಂದ ಮನೆ ಬರೆದು ಚದುರಂಗ ಆಡುತ್ತಿದ್ದೆವು? ಇನ್ನೂ ಶಹ ಬೀಳದ ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು ಎಂದು ಕಲಿಸಿದವನು ನೀನೇ. ಆ ಜಿಗಿತದಿಂದ ನಾನು ಎಷ್ಟು ಜನರ ಮೀಸೆ ಇಳಿಸಿದ್ದೆನೋ...

ಶಹಾಪುರದ ಚದುರಂಗ ಕ್ಲಬ್ಬಿಗೆ ಮೊದಲ ಸಲ ಹೋದ ದಿನ ಬಾಗಿಲಲ್ಲೇ ಸಾರಿದೆ: "ಹುಣಸಗಿ ಸೀಮ್ಯಾಗ ನನ್ನ ಸೋಲಿಸಾಂವ ಇನ್ನಾ ಹುಟ್ಟಿಲ್ಲ!" ಕ್ಲಬ್ ನಡೆಸುವ ಕ್ಲರ್ಕ್ ಶರಣಪ್ಪ ಎದುರಿಗೆ ಕೂತ. ಹತ್ತನೇ ನಡೆಗೆ ನನ್ನ ರಾಜ ಜಿಗಿದ. ಇಡೀ ಕೋಣೆ ನಕ್ಕಿತು.

"ಕಾಕಾ, ರಾಜಾ ಹಂಗ ಜಿಗ್ಯಂಗಿಲ್ರಿ. ಯಾರ್ ಕಲಿಸ್ಯಾರ್ರಿ ನಿಮಗ?"

"ನಮ್ಮ ಮಾವ."

"ಹಂಗಾದ್ರ ನಿಮ್ಮ ಮಾವಗ ಆಟಾನ ಗೊತ್ತಿರಲಿಲ್ಲ ಬಿಡ್ರಿ."

ನನ್ನನ್ನು ಏನಾದರೂ ಅನ್ನಲಿ. ನಿನ್ನನ್ನು ಅನ್ನುವುದೆಂದರೆ? "ನಿಮ್ಮ ಆಟದಾಗ ನಿಮ್ಮನ್ನ ಸೋಲಸ್ತೀನಿ. ಆಮ್ಯಾಲ ನಮ್ಮ ಮಾವನ ಆಟಕ್ಕ ಕೂಡಬೇಕು, ಒಪ್ಪಿಗಿ ಏನು?" ಎಂದೆ. "ಒಪ್ಪಿಗಿ ಐತ್ರಿ, ಮೊದಲ ಚಾ ಕುಡೀರಿ ಕಾಕಾ" ಎಂದು ಅವನು ಮತ್ತೆ ನಕ್ಕ.

ಅಂದಿನಿಂದ ಪ್ರತಿ ಭಾನುವಾರ ಸುರಪುರದಲ್ಲಿ ಬಸ್ಸು ಬದಲಿಸಿ ಹೋದೆ. ಅವರ ಪ್ಯಾದೆ ಮೊದಲ ನಡೆಯಲ್ಲೇ ಎರಡು ಮನೆ ಓಡುತ್ತದೆ, ಮಾವ! ನಮ್ಮ ಪ್ಯಾದೆಗಳಿಗೆ ಅಂಥ ಅವಸರ ಎಲ್ಲಿತ್ತು? ಸೋತ ಆಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದು, ಎಲ್ಲಿ ಕೆಟ್ಟೆ ಎಂದು ಹೊಲದಲ್ಲಿ ಕೂತು ಹುಡುಕಿದೆ. ವಜೀರನನ್ನು ಬೇಗ ಹೊರಗೆ ಎಳೆಯುವ ಚಟವೇ ನನ್ನನ್ನು ಮುಳುಗಿಸುತ್ತಿತ್ತು. ಹನ್ನೊಂದು ಸಲ ಸೋತೆ. ನಿನಗೆ ಮಾತ್ರ ನಿಜ ಹೇಳುತ್ತಿದ್ದೇನೆ; ಊರಲ್ಲಿ ಎರಡು ಎಂದಿದ್ದೇನೆ.

ಮೊನ್ನೆ ಭಾನುವಾರ ವಜೀರನನ್ನು ಕದಲಿಸದೆ ಕಾದೆ. ಶರಣಪ್ಪ ತಾಳ್ಮೆಗೆಟ್ಟು ಒಂದು ಆನೆ ಕಳೆದುಕೊಂಡ, ಆಮೇಲೆ ಇನ್ನೊಂದು. ಕೊನೆಗೆ ಸೋಲೊಪ್ಪಿ ತನ್ನ ರಾಜನನ್ನು ತಾನೇ ಮಲಗಿಸಿದ. "ಮಾತಂದ್ರ ಮಾತು ಕಾಕಾ. ನಿಮ್ಮ ಮಾವನ ಆಟ ಹಚ್ರಿ."

ಹಚ್ಚಿದೆ. ಅದರಲ್ಲೂ ಸೋತ. ನನ್ನ ರಾಜ ಜಿಗಿದಾಗ ಈ ಸಲ ಯಾರೂ ನಗಲಿಲ್ಲ, ಮಾವ. ಶರಣಪ್ಪ ಕಾಯಿಗಳನ್ನು ಮತ್ತೆ ಜೋಡಿಸುತ್ತ, "ಇನ್ನೊಂದಾಟ ಕೂಡ್ರಿ" ಎಂದ. ತಿಂಗಳ ಕೊನೆಯ ಭಾನುವಾರ ಕ್ಲಬ್ಬಿನಲ್ಲಿ ಇನ್ನು ಮೇಲೆ ನಿನ್ನ ನಿಯಮವೇ ನಡೆಯುತ್ತದೆ. ಕಲಿಸುವವನು ನಾನು, ಮುಂದೆ ಕೂತು ಕಲಿಯುವವನು ಅವನು.

ನಿನ್ನ ಅಳಿಯ